ಬಿಡದ ಗಾಲಿ: ಕಡೆಗೀಲಿನಿಂದ ಪುಲ್ಲರ್‌ವರೆಗೆ

ರಾಯಚೂರು ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿನ ಚಪ್ಪಡಿ ಇದೆ. ಅದರ ಮೇಲಿರುವುದು 1294ರ ಶಾಸನ. ಕಾಕತೀಯರ ಕಾಲದಲ್ಲಿ ಈ ಕೋಟೆಯನ್ನು ಕಟ್ಟಿಸಿದ ದಂಡನಾಯಕ ವಿಠ್ಠಲನಾಥನ ಹೆಸರು, ಅದಕ್ಕೂ ಮೊದಲು ಅವನು ಗೆದ್ದ ಕೋಟೆಗಳ ಹೆಸರು ಅದರಲ್ಲಿವೆ. ಶಾಸನ ‘ಮಾನುವ’ ಎಂದು ಕರೆಯುವ ನಮ್ಮ ಮಾನ್ವಿಯೂ ಆ ಪಟ್ಟಿಯಲ್ಲಿದೆ. ರಾಯಚೂರಿನ ಚರಿತ್ರೆ ಬರೆದವರೆಲ್ಲ ಈ ಶಾಸನದ ಮುಂದೆ ನಿಂತು ಹೋಗಿದ್ದಾರೆ. ಆದರೆ ಅಕ್ಷರಗಳ ಪಕ್ಕದಲ್ಲಿ ಒಂದು ಚಿತ್ರವೂ ಇದೆ. ಇಷ್ಟು ದೊಡ್ಡ ಕಲ್ಲನ್ನು ಸಾಗಿಸಿ ತಂದ ಬಗೆಯನ್ನು ಅಲ್ಲಿ ಗೆರೆಗಳಲ್ಲಿ ಕೊರೆದಿದ್ದಾರೆ. ಉದ್ದನೆಯ ಬಂಡಿ, ಅದನ್ನೆಳೆಯುವ ದನಗಳ ಸಾಲು, ಅವುಗಳನ್ನು ಹುರಿದುಂಬಿಸುವ ಜನ. ಜೊತೆಗೆ, ಬಂಡಿಯ ಗಾಲಿಗಳಿಗೆ ಸನ್ನೆಗೋಲು ಕೊಟ್ಟು ಮೀಟುತ್ತಿರುವ ಕೆಲವರು.

ಕೋಟೆ ಕಟ್ಟಿಸಿದವನಿಗೆ ಹೆಸರು ಸಿಕ್ಕಿತು, ಗಾಲಿ ಮೀಟಿದವರಿಗೆ ಚಿತ್ರ ಸಿಕ್ಕಿತು. ಚರಿತ್ರೆಯಲ್ಲಿ ಅಷ್ಟಾದರೂ ಸಿಕ್ಕಿದ್ದು ಅಪರೂಪವೇ. ಎಡದೊರೆ ನಾಡಿನ, ಅಂದರೆ ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ಸೀಮೆಯ ಸಾರಿಗೆಯ ಮೇಲೆ ನಾನು ಸಂಶೋಧನೆ ಮಾಡುತ್ತಿದ್ದೇನೆ. ದಾಖಲೆಗಳಲ್ಲಿ ರಸ್ತೆ ಎಷ್ಟು ಉದ್ದ, ಹೊಳೆ ದಾಟುವುದು ಎಲ್ಲಿ, ರೈಲು ಎಂದು ಬಂತು ಎಂಬುದೆಲ್ಲ ಸಿಗುತ್ತದೆ. ಬಂಬಯಿಯಿಂದ ಬಂದ ಹಳಿಯೂ ಮದ್ರಾಸಿನಿಂದ ಬಂದ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವೆಂದು ಯಾವ ಗ್ಯಾಸೆಟಿಯರ್ ತೆಗೆದರೂ ಗೊತ್ತಾಗುತ್ತದೆ. ಆದರೆ ದಾರಿಯಲ್ಲಿ ಗಾಲಿ ಕೆಟ್ಟು ನಿಂತಾಗ ಅದನ್ನು ಬಿಡಿಸಿದವರು ಯಾರು, ಹೇಗೆ ಬಿಡಿಸಿದರು ಎಂಬುದಕ್ಕೆ ಕಾಗದದಲ್ಲಿ ಉತ್ತರವಿಲ್ಲ. ಅದನ್ನು ಕೈಗಳಲ್ಲಿ ಹುಡುಕಬೇಕು. ಮಾನ್ವಿ ತಾಲ್ಲೂಕಿನ ಕುರ್ಡಿಯಲ್ಲಿ, ನಮ್ಮ ಮನೆಯ ಅಂಗಳದಲ್ಲಿ ನಿಂತ ಒಂದು ಹಳೆಯ ಜೀಪಿನ ಹಿಂದಿನ ಗಾಲಿ ನನಗೆ ಅಂಥ ಒಂದು ಉತ್ತರ ಕೊಟ್ಟಿತು. ಆ ಜೀಪಿನ ಬಳಿ ಹೋಗುವ ಮುಂಚೆ ಬಂಡಿಯ ಗಾಲಿಯನ್ನು ನೋಡಬೇಕು.

ಬಂಡಿಯಲ್ಲಿ ಅಚ್ಚು ತಿರುಗುವುದಿಲ್ಲ. ಅದು ಬಂಡಿಯ ಮೈಗೆ ಕಟ್ಟಿಕೊಂಡು ಸುಮ್ಮನೆ ಇರುತ್ತದೆ. ಗಾಲಿಯ ನಡುವಿನ ಗುಂಬ ಆ ಅಚ್ಚಿನ ತುದಿಯಲ್ಲಿ ಸಡಿಲವಾಗಿ ಕುಳಿತು ತಿರುಗುತ್ತದೆ. ಗಾಲಿ ಹೊರಗೆ ಜಾರಿ ಬೀಳದಂತೆ ಅಚ್ಚಿನ ಕೊನೆಯಲ್ಲಿ ಒಂದು ಕಬ್ಬಿಣದ ಕೀಲು. ಕಡೆಯಲ್ಲಿರುವ ಕೀಲಾದ್ದರಿಂದ ಕಡೆಗೀಲು, ಕಡೆಯಲ್ಲಿರುವ ಆಣಿಯಾದ್ದರಿಂದ ಕಡಾಣಿ. ಈ ‘ಆಣಿ’ ಎಂಬ ಪದ ಋಗ್ವೇದದಲ್ಲೂ ರಥದ ಕೀಲು ಎಂಬ ಅರ್ಥದಲ್ಲೇ ಬರುತ್ತದೆ. ನಮ್ಮ ಸೀಮೆಗೆ ಹತ್ತಿರದ ಮುದನೂರಿನ ಜೇಡರ ದಾಸಿಮಯ್ಯ ಮನುಷ್ಯನ ದೇಹವನ್ನು ಬಂಡಿಗೆ, ಶರಣರ ಮಾತುಗಳನ್ನು ಕಡೆಗೀಲಿಗೆ ಹೋಲಿಸಿ ವಚನ ಹೇಳಿದ. ಕೇಳುವವರಿಗೆ ಕಡೆಗೀಲು ದಿನನಿತ್ಯದ ವಸ್ತುವಾಗಿತ್ತು. ಬಂಡಿ ಹೂಡುವ ಮುಂಚೆ ಕೈ ಹಾಕಿ ನೋಡುತ್ತಿದ್ದ ಕೊನೆಯ ವಸ್ತು ಅದೇ.

ದಶರಥನ ರಥದ ಕೀಲು ಕಳಚಿದಾಗ ಕೈಕೇಯಿ ಆ ಜಾಗದಲ್ಲಿ ತನ್ನ ಬೆರಳಿಟ್ಟು ಗಾಲಿಯನ್ನು ಕಾದಳೆಂಬ ಕಥೆಯನ್ನು ನಮ್ಮಲ್ಲಿ ಮಕ್ಕಳಿಗೂ ಹೇಳುತ್ತಾರೆ. ಅದರಲ್ಲಿ ಅವಳ ಧೈರ್ಯದ ಜೊತೆಗೆ ಒಂದು ತಾಂತ್ರಿಕ ಸತ್ಯವೂ ಅಡಗಿದೆ. ಕಡೆಗೀಲಿನ ಮೇಲೆ ಬೀಳುವ ಭಾರ ಬಲು ಕಡಿಮೆ. ಬಂಡಿಯ ತೂಕವನ್ನು ಹೊರುವುದು ಅಚ್ಚು. ಎಳೆಯುವುದು ಎತ್ತು. ಗಾಲಿ ಬರೀ ಹಿಂಬಾಲಿಸುತ್ತದೆ. ಅದು ಹೊರಕ್ಕೆ ಸರಿಯದಂತೆ ತಡೆಯುವುದಷ್ಟೇ ಕೀಲಿನ ಕೆಲಸ. ಆದ್ದರಿಂದಲೇ ಬಂಡಿಯ ಗಾಲಿ ಬಿಚ್ಚಲು ವಿಶೇಷ ಸಾಧನ ಬೇಕಿರಲಿಲ್ಲ. ಅಚ್ಚಿಗೆ ಒಂದು ಮರದ ಆಸರೆ ಕೊಟ್ಟು, ಕೀಲು ಬಡಿದು ತೆಗೆದು, ಇಬ್ಬರು ಸೇರಿ ಗಾಲಿ ಎಳೆದರೆ ಬಂತು. ಔಡಲ ಎಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿದ ಕೀಲೆಣ್ಣೆಯನ್ನು ಅಚ್ಚಿಗೆ ಸವರಿ ಮತ್ತೆ ಏರಿಸಿದರೆ ಕೆಲಸ ಮುಗಿಯಿತು. ಮುಂಗಾರಿಗೆ ಮುಂಚೆ ಮನೆಮನೆಯಲ್ಲಿ ನಡೆಯುತ್ತಿದ್ದ ಕೆಲಸ ಇದು.

ಬಿಡಿಸುವುದು ಸುಲಭವಿದ್ದರೂ ಗಾಲಿ ಮಾಡುವುದು ಸುಲಭವಿರಲಿಲ್ಲ. ಅದು ಬಡಿಗೇರ ಮತ್ತು ಕಮ್ಮಾರರ ಕೈಯ ವಿದ್ಯೆ. ಇಬ್ಬರೂ ಊರ ಆಯಗಾರರು. ವರ್ಷದುದ್ದಕ್ಕೂ ಮಾಡಿದ ಕೆಲಸಕ್ಕೆ ಸುಗ್ಗಿಯಲ್ಲಿ, ಕಣದಲ್ಲೇ ಕಾಳು ಅಳೆದು ಕೊಡುತ್ತಿದ್ದರು. ಕಮ್ಮಾರನ ಕೆಲಸದಲ್ಲಿ ಊರೆಲ್ಲ ನೋಡಲು ಸೇರುತ್ತಿದ್ದುದು ಮರದ ಗಾಲಿಗೆ ಕಬ್ಬಿಣದ ಹಳಿ ಏರಿಸುವ ದಿನ. ಗಾಲಿಗಿಂತ ತುಸು ಚಿಕ್ಕದಾಗಿಯೇ ಹಳಿಯನ್ನು ಬಗ್ಗಿಸಿ ಬೆಸೆದಿರುತ್ತಾರೆ. ಸುತ್ತಲೂ ಕುಳ್ಳು ಒಟ್ಟಿ ಬೆಂಕಿ ಹಚ್ಚಿ, ಕೆಂಪಾದ ಹಳಿಯನ್ನು ಇಕ್ಕಳಗಳಲ್ಲಿ ಹಿಡಿದೆತ್ತಿ ಗಾಲಿಯ ಮೇಲಿಟ್ಟು ಬಡಿದು ಕೂರಿಸಿ, ಕೂಡಲೇ ನೀರು ಸುರಿಯುತ್ತಾರೆ. ಹೊಗೆ, ಉಗಿ, ಮರ ಚಟಚಟ ಅನ್ನುವ ಸದ್ದು. ತಣಿದ ಕಬ್ಬಿಣ ಕುಗ್ಗಿ ಇಡೀ ಗಾಲಿಯನ್ನು ಬಿಗಿದು ಹಿಡಿಯುತ್ತದೆ. ಲೆಕ್ಕ ಹಾಕಿದರೆ ನಾಲ್ಕು ಅಡಿ ಅಡ್ಡಳತೆಯ ಹಳಿಯ ಸುತ್ತಳತೆ ಸುಮಾರು 3.8 ಮೀಟರ್. 400 ಡಿಗ್ರಿ ಹೆಚ್ಚು ಕಾದರೆ ಅದು 18 ಮಿಲಿಮೀಟರಿನಷ್ಟು ಹಿಗ್ಗುತ್ತದೆ. ಕಮ್ಮಾರನಿಗೆ ಈ ಅಂಕಿ ಬೇಕಿರಲಿಲ್ಲ. ಎಷ್ಟು ಬೆರಳು ಚಿಕ್ಕದು ಮಾಡಿದರೆ ಎಷ್ಟು ಬಿಗಿ ಕೂರುತ್ತದೆ ಎಂಬುದು ಅವನ ಕೈಗೆ ಗೊತ್ತಿತ್ತು. ಕಾಯಿಸಿದರೆ ಹಿಗ್ಗುತ್ತದೆ, ತಣಿದರೆ ಹಿಡಿಯುತ್ತದೆ ಎಂಬ ಈ ತಿಳಿವಳಿಕೆ ಮುಂದೆ ಜೀಪಿನ ಹತ್ತಿರ ಮತ್ತೆ ಬರುತ್ತದೆ.

ಮೋಟಾರು ಬಂದಾಗ ಗಾಲಿಯ ಸ್ವಭಾವವೇ ತಿರುಗಿತು. ಬಂಡಿಯನ್ನು ಎತ್ತು ಎಳೆಯುತ್ತಿತ್ತು. ಮೋಟಾರಿನಲ್ಲಿ ಗಾಲಿಯೇ ಗಾಡಿಯನ್ನು ಎಳೆಯಬೇಕು. ಎಂಜಿನ್ನಿನ ಬಲ ಹಿಂದಿನ ಅಚ್ಚಿಗೆ ಬಂದು, ಅಚ್ಚು ತಿರುಗಿ, ಗಾಲಿಯನ್ನು ತನ್ನ ಜೊತೆ ತಿರುಗಿಸಬೇಕು. ಸಡಿಲವಾಗಿ ಕುಳಿತ ಗಾಲಿಯಿಂದ ಇದು ಆಗದು. ಅಚ್ಚು, ಗಾಲಿ ಎರಡೂ ಒಂದೇ ವಸ್ತುವಿನಂತೆ ಹಿಡಿದುಕೊಳ್ಳಬೇಕು. ಆದರೆ ರಿಪೇರಿಯ ದಿನ ಬೇರೆಯಾಗಲೂಬೇಕು. ಈ ಎರಡು ವಿರುದ್ಧ ಬೇಡಿಕೆಗಳಿಗೆ ಎಂಜಿನಿಯರುಗಳು ಕಂಡುಕೊಂಡ ಒಂದು ಉಪಾಯ ಇಳಿಜಾರು ಅಚ್ಚು. ಅಚ್ಚಿನ ತುದಿಯನ್ನು ಕ್ಯಾರೆಟ್ಟಿನಂತೆ ಹೊರಗೆ ಹೋದಷ್ಟೂ ಸಪುರ ಮಾಡುವುದು. ಗುಂಬದ, ಅಂದರೆ ಮೆಕ್ಯಾನಿಕ್‌ಗಳು ಹಬ್ ಎನ್ನುವ ಭಾಗದ ರಂಧ್ರವನ್ನೂ ಅದೇ ಇಳಿಜಾರಿಗೆ ಕೊರೆಯುವುದು. ಎರಡರ ನಡುವೆ ಒಂದು ಸಣ್ಣ ಉಕ್ಕಿನ ಬೆಣೆ. ಹೊರಗಿನಿಂದ ದೊಡ್ಡ ನಟ್ಟು ಹಾಕಿ ಬಿಗಿದರೆ ಹಬ್ಬು ಇಳಿಜಾರನ್ನು ಏರಿ ಅಚ್ಚನ್ನು ಕಚ್ಚಿಕೊಳ್ಳುತ್ತದೆ. 1908ರಿಂದ 1927ರವರೆಗೆ ಒಂದೂವರೆ ಕೋಟಿಯಷ್ಟು ತಯಾರಾದ ಫೋರ್ಡ್‌ನ ಟಿ ಮಾದರಿಯ ಕಾರಿನ ಹಿಂದಿನ ಗಾಲಿಗಳೂ ಹೀಗೇ ಕೂತಿದ್ದವು.

ಇಳಿಜಾರಿನ ಹಿಡಿತ ನಮಗೆ ಹೊಸದೇನಲ್ಲ. ಪಿಕಾಸಿಯ ಕಾವನ್ನು ನೋಡಿ. ಅದರ ಮೇಲ್ತುದಿ ದಪ್ಪ, ಕೆಳಗೆ ಸಪುರ. ಪಿಕಾಸಿಯನ್ನು ಸಪುರ ತುದಿಯಿಂದ ಏರಿಸಿ, ದಪ್ಪ ತುದಿಗೆ ಎಳೆದರೆ ಸಿಕ್ಕಿಕೊಳ್ಳುತ್ತದೆ. ಬೀಸಿದಷ್ಟೂ ಇನ್ನಷ್ಟು ಬಿಗಿಯುತ್ತದೆ. ಬಿಡಿಸಬೇಕಾದರೆ ಯಾರೂ ಪಿಕಾಸಿಯನ್ನು ಜಗ್ಗುವುದಿಲ್ಲ. ಕಾವಿನ ಸಪುರ ತುದಿಯನ್ನು ಕಲ್ಲಿಗೆ ಕುಟ್ಟಿದರೆ ಅದು ತಾನೇ ಸಡಿಲಾಗಿ ಕೆಳಗಿಳಿಯುತ್ತದೆ. ಹಿಡಿತ ಯಾವ ದಿಕ್ಕಿನಲ್ಲಿ ಆಗಿದೆಯೋ ಅದರ ಎದುರು ದಿಕ್ಕಿನಲ್ಲಿ ನೇರವಾಗಿ ಬಲ ಕೊಡಬೇಕು. ಹಬ್ಬು ಬಿಡಿಸುವ ಶಾಸ್ತ್ರವೆಲ್ಲ ಇದೇ. ಕಷ್ಟವೇನೆಂದರೆ ಜೀಪನ್ನು ಎತ್ತಿ ಕಲ್ಲಿಗೆ ಕುಟ್ಟಲಾಗದು.

ಎಡದೊರೆಯ ಹಳ್ಳಿಗಳಿಗೆ ಮೋಟಾರು ಎರಡು ದಾರಿಯಲ್ಲಿ ಬಂತು. ಮೊದಲನೆಯದು ಬಸ್ಸು. ನಿಜಾಮರ ಸಂಸ್ಥಾನದ ರೈಲ್ವೆ 1932ರಲ್ಲಿ 27 ಬಸ್ಸು, 166 ನೌಕರರೊಡನೆ ತನ್ನ ರಸ್ತೆ ಸಾರಿಗೆ ವಿಭಾಗವನ್ನು ಆರಂಭಿಸಿತು. ಬಸ್ಸಿನೊಂದಿಗೆ ಡಿಪೋ ಎಂಬ ಹೊಸ ಜಾಗ ಹುಟ್ಟಿತು. ಗಾಲಿ ಬಿಚ್ಚುವ ಕೆಲಸ ಅಂಗಳದಿಂದ ಎದ್ದು ಗೋಡೆಯೊಳಗೆ ಹೋಯಿತು. ಅಲ್ಲಿನ ವಿದ್ಯೆ ಬಾಯಿಂದ ಬಾಯಿಗೆ, ಉಸ್ತಾದನಿಂದ ಶಾಗಿರ್ದನಿಗೆ ದಾಟಿತು. ಇಂದಿಗೂ ರಾಯಚೂರು ಸೀಮೆಯ ಗ್ಯಾರೇಜುಗಳಲ್ಲಿ ಕೆಲಸದ ಮಾತು ಕನ್ನಡ, ತೆಲುಗು, ಉರ್ದು ಬೆರೆತೇ ನಡೆಯುತ್ತದೆ. ಸ್ಪ್ಯಾನರ್ ಅಲ್ಲಿ ಪಾನಾ, ಮೆಕ್ಯಾನಿಕ್ ಅಲ್ಲಿ ಮಿಸ್ತ್ರಿ. ಆಯಗಾರನಿಗೆ ಕಣದಲ್ಲಿ ಪಾಲಿತ್ತು. ಮಿಸ್ತ್ರಿಗೆ ಕೆಲಸವಿದ್ದ ದಿನ ಕೂಲಿ ಮಾತ್ರ.

ಎರಡನೆಯದು ಜೀಪು. ಅದರ ಕಥೆ ಸ್ವಾರಸ್ಯದ್ದು. ಎರಡನೆಯ ಮಹಾಯುದ್ಧದಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ತಯಾರಿಸಿದವು. ಆ ಯುದ್ಧದ ಜೀಪಿನ ಹಿಂದಿನ ಗಾಲಿಯ ರಚನೆ ಒಂದು ರೀತಿಯಲ್ಲಿ ನಮ್ಮ ಬಂಡಿಯದೇ. ಗಾಲಿಯ ಭಾರವನ್ನು ತಿರುಗದ ಹೊರಕೊಳವೆ ಹೊರುತ್ತಿತ್ತು. ಒಳಗಿನ ಅಚ್ಚಿಗೆ ತಿರುಗಿಸುವ ಕೆಲಸವೊಂದೇ. ಹೊರಮುಖದ ಬೋಲ್ಟುಗಳನ್ನು ಬಿಚ್ಚಿ ಅಚ್ಚನ್ನು ಸರಳಿನಂತೆ ಹೊರಗೆಳೆದರೂ ಗಾಲಿ ತನ್ನ ಜಾಗದಲ್ಲೇ ನಿಲ್ಲುತ್ತಿತ್ತು. ರಣರಂಗದ ಕೆಸರಿನಲ್ಲಿ ಸಿಪಾಯಿಯೊಬ್ಬ ಕೈಗೆ ಸಿಕ್ಕ ಪಾನಾ ಹಿಡಿದು ರಿಪೇರಿ ಮಾಡುವಂತಿರಬೇಕಿತ್ತು. ಯುದ್ಧ ಮುಗಿದು ರೈತರಿಗಾಗಿ, ಸಾಮಾನ್ಯರಿಗಾಗಿ ಮಾಡಿದ ಜೀಪುಗಳಲ್ಲಿ ಮೊದಮೊದಲು ಅದೇ ರಚನೆ ಇತ್ತು. ಬೇಗನೆ ಅದು ಬದಲಾಗಿ, ಇಳಿಜಾರು ಅಚ್ಚಿನ ಸರಳ ರಚನೆ ಬಂತು. 1953ರಲ್ಲಿ ಬಂದ ಸಿಜೆ-3ಬಿ ಮಾದರಿಯಲ್ಲಿ ಇದ್ದದ್ದು ಇಳಿಜಾರು ಅಚ್ಚೇ. ಬಿಚ್ಚಲು ಪುಲ್ಲರ್ ಬೇಕೇ ಬೇಕು. ಸೈನಿಕನಿಗೆ ಬಿಡುವ ಗಾಲಿ ಸಿಕ್ಕಿತು, ರೈತನಿಗೆ ಬಿಡದ ಗಾಲಿ ಸಿಕ್ಕಿತು.

1940ರ ದಶಕದ ಕೊನೆಗೆ ಮಹೀಂದ್ರಾ ಕಂಪನಿ ಬಂಬಯಿಯಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆ ಶುರುಮಾಡಿತು. ಮುಂದೆ ಸಿಜೆ-3ಬಿ ಇಲ್ಲಿಯೇ ತಯಾರಾಯಿತು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1952ರ ಅಕ್ಟೋಬರ್ 2ರಂದು ದೇಶದಲ್ಲಿ ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಆರಂಭವಾಯಿತು. ಬ್ಲಾಕ್ ಅಧಿಕಾರಿಗಳ ಜೊತೆ ಜೀಪು ಹಳ್ಳಿಗೆ ಬಂತು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿ ಸೀಮೆಗೆ ನೀರು ತಂದಾಗ ಕಾಲುವೆಯ ಏರಿಯ ಮೇಲೂ ಜೀಪು ಓಡಿತು. ಮಳೆಗಾಲದ ಎರೆಮಣ್ಣಿನಲ್ಲಿ ಕಾರು ಹೂತು ನಿಲ್ಲುವ ಕಡೆ ನಾಲ್ಕೂ ಗಾಲಿ ಎಳೆಯುವ ಜೀಪು ದಾಟುತ್ತಿತ್ತು. ಹಳ್ಳಿಯವರಿಗೆ ಜೀಪು ಎಂದರೆ ಸರ್ಕಾರ. ಜೀಪಿನ ಸದ್ದಿಗೆ ಚಾವಡಿಯಲ್ಲಿ ಕೂತವರು ಎದ್ದು ನಿಲ್ಲುತ್ತಿದ್ದರು. ಮುದಿಯಾದ ಸರ್ಕಾರಿ ಜೀಪುಗಳು ಹರಾಜಿಗೆ ಬಂದಾಗ ಅವು ಮತ್ತೊಂದು ಬದುಕು ಕಂಡವು. ಎದ್ದು ನಿಂತಿದ್ದವರೇ ಆಗ ಅದರೊಳಗೆ ಕೂತರು. ಸಂತೆಗೆ, ಜಾತ್ರೆಗೆ, ಹೆರಿಗೆಗೆ, ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಹೋಗುವ ಕೂಲಿಯವರನ್ನು ಹೊತ್ತು ಆ ಜೀಪುಗಳು ದಶಕಗಟ್ಟಲೆ ಓಡಿದವು.

ನಮ್ಮ ಮನೆಯದೂ ಅಂಥದೇ ಹರಾಜಿನ ಜೀಪು. ಅದನ್ನು ಓಡಿಸುವವರು ಕಾಕಾ. ಕಳೆದ ಬೇಸಿಗೆಯಲ್ಲಿ ಬಲಗಡೆಯ ಹಿಂದಿನ ಗಾಲಿಯೊಳಗೆ ಎಣ್ಣೆ ಸೋರತೊಡಗಿತು. ಅಚ್ಚಿನ ಸೀಲು ಹರಿದಿತ್ತು. ಎಣ್ಣೆ ಬ್ರೇಕಿನ ಮೇಲೆ ಬಿದ್ದು ಬ್ರೇಕು ಹಿಡಿಯುತ್ತಿರಲಿಲ್ಲ. ಸೀಲಿನ ಬೆಲೆ ಏನೂ ದೊಡ್ಡದಲ್ಲ. ಅದನ್ನು ಬದಲಿಸಬೇಕಾದರೆ ಹಬ್ಬು ಬರಬೇಕು. ಆ ಹಬ್ಬನ್ನು ಯಾರು ಎಂದು ಬಿಚ್ಚಿದ್ದರೋ ಕಾಕಾಗೂ ನೆನಪಿಲ್ಲ. ನಟ್ಟು ಬಂತು, ಗಾಲಿ ಬಂತು, ಹಬ್ಬು ಮಾತ್ರ ಅಲುಗಲಿಲ್ಲ. ಇಳಿಜಾರಿನ ಬಿಗಿಯ ಜೊತೆಗೆ ತುಕ್ಕೂ ಸೇರಿ ಎರಡು ಕಬ್ಬಿಣ ಒಂದಾಗಿದ್ದವು. ಗುಜರಿಯವನೊಬ್ಬ ಆಗಲೇ ಬಂದು ಜೀಪಿಗೆ ಕಿಲೋ ಲೆಕ್ಕದಲ್ಲಿ ಬೆಲೆ ಕಟ್ಟಿ ಹೋಗಿದ್ದ. ಬಡಿದು ಅಚ್ಚು ಮುರಿದರೆ ಹೊಸ ಅಚ್ಚು ಹುಡುಕುವ ಖರ್ಚಿಗಿಂತ ಗುಜರಿಯೇ ಮೇಲು ಎಂಬ ಸ್ಥಿತಿ. ಮನೆಯ ಅರ್ಧ ದುಡಿಮೆ ಆ ಗಾಲಿಯ ಮೇಲಿತ್ತು.

ಕಾಕಾ ದೊಡ್ಡ ಸುತ್ತಿಗೆ ತಂದಿದ್ದರು. ಮಾನ್ವಿ ಕಡೆಯಿಂದ ಬಂದ ವಯಸ್ಸಾದ ಮಿಸ್ತ್ರಿ ಅದನ್ನು ಅವರ ಕೈಯಿಂದ ತೆಗೆದುಕೊಂಡು ಗೋಡೆಗೆ ಒರಗಿಸಿಟ್ಟರು. ನೋಟ್‌ಬುಕ್ ಹಿಡಿದು ನಿಂತಿದ್ದ ನನ್ನ ಕಡೆ ತಿರುಗಿ, “ನೋಡವ್ವಾ, ಇದು ಕೆಟ್ಟು ಸಿಕ್ಕೊಂಡಿಲ್ಲ. ಸಿಕ್ಕೊಂಡೇ ಇರಬೇಕು ಅಂತ ಮಾಡ್ಯಾರ. ಇಷ್ಟು ದಿನ ತನ್ನ ಕೆಲಸ ಮಾಡ್ಯದ. ಅದಕ್ಯಾಕ ಸಿಟ್ಟಿಲೆ ಬಡಿಬೇಕು?” ಅಂದರು.

ಬಡಿಯಬಾರದು ಎನ್ನುವುದಕ್ಕೆ ಕಾರಣಗಳನ್ನೂ ಹೇಳಿದರು. ಅಚ್ಚಿನ ತುದಿಗೆ ಸುತ್ತಿಗೆಯಿಂದ ಜೋರಾಗಿ ಹೊಡೆದರೆ ಏಟು ಒಳಗೆ ಸಾಗಿ ಬೇರಿಂಗಿಗೆ, ಡಿಫರೆನ್ಷಿಯಲ್ಲಿನ ನಡುವೆ ಎರಡು ಅಚ್ಚುಗಳ ಮಧ್ಯೆ ಇರುವ ತಡೆಗಟ್ಟಿಗೆ ಬೀಳುತ್ತದೆ. ತುದಿಯ ತಿರುಪು ಚಪ್ಪಟೆಯಾದರೆ ನಟ್ಟು ಮತ್ತೆ ಏರುವುದಿಲ್ಲ. ಬ್ರೇಕ್ ಡ್ರಮ್ಮಿನ ಅಂಚಿಗೆ ಕೊಕ್ಕೆ ಹಾಕಿ ಎಳೆದರೆ ಡ್ರಮ್ಮು ಸೊಟ್ಟಗಾಗುತ್ತದೆ, ಇಲ್ಲವೇ ಒಡೆಯುತ್ತದೆ. ಬಲ ಕೊಡಬೇಕಾದ್ದು ಹಬ್ಬಿಗೆ, ಅದೂ ಗಾಲಿ ಕೂರುವ ಐದು ಸ್ಟಡ್ಡುಗಳ ಮೂಲಕ, ಐದಕ್ಕೂ ಸಮನಾಗಿ.

ಅದಕ್ಕೆ ಬೇಕಾದ ಪುಲ್ಲರ್ ತಯಾರಾದದ್ದು ಟ್ರ್ಯಾಕ್ಟರ್ ಟ್ರಾಲಿ ಮಾಡುವ ಒಂದು ವೆಲ್ಡಿಂಗ್ ಅಂಗಡಿಯಲ್ಲಿ. ಹಳೆಯ ಯಂತ್ರದಿಂದ ಕತ್ತರಿಸಿದ ದಪ್ಪ ಉಕ್ಕಿನ ತಟ್ಟೆ. ಅದರಲ್ಲಿ ಜೀಪಿನ ಸ್ಟಡ್ಡುಗಳ ಅಳತೆಗೆ, ಅಂದರೆ ಐದೂವರೆ ಅಂಗುಲ ಅಡ್ಡಳತೆಯ ವೃತ್ತದ ಮೇಲೆ, ಐದು ತೂತು. ನಡುವೆ ಬೆಸೆದ ದೊಡ್ಡ ನಟ್ಟು, ಅದರೊಳಗೆ ಹಳೆಯ ಜ್ಯಾಕಿನಿಂದ ತೆಗೆದ ದಪ್ಪ ತಿರುಪುಗಂಬ. ತಟ್ಟೆ ಹಬ್ಬನ್ನು ಹೊರಕ್ಕೆ ಎಳೆಯುತ್ತದೆ, ನಡುವಿನ ಕಂಬ ಅಚ್ಚನ್ನು ಒಳಕ್ಕೆ ಒತ್ತುತ್ತದೆ. ಪಿಕಾಸಿಯ ಕಾವನ್ನು ಕಲ್ಲಿಗೆ ಕುಟ್ಟುವ ಕೆಲಸವನ್ನೇ ಅದು ನಿಧಾನವಾಗಿ, ನೇರವಾಗಿ ಮಾಡುತ್ತದೆ.

ಕೆಲಸ ನಡೆದ ಕ್ರಮವನ್ನು ನಾನು ಬರೆದುಕೊಂಡಂತೆಯೇ ಹೇಳುತ್ತೇನೆ. ಮುಂದಿನ ಎರಡೂ ಗಾಲಿಗಳಿಗೆ ಹಿಂದೆಯೂ ಮುಂದೆಯೂ ಕಲ್ಲು ಕೊಟ್ಟರು. ಈ ಜೀಪಿನ ಕೈಬ್ರೇಕು ಗಾಲಿಗಳನ್ನು ಹಿಡಿಯುವುದಿಲ್ಲ, ಗೇರು ಪೆಟ್ಟಿಗೆಯ ಹಿಂದೆ ತಿರುಗುವ ಶಾಫ್ಟನ್ನು ಹಿಡಿಯುತ್ತದೆ. ಹಿಂದಿನ ಒಂದು ಗಾಲಿ ಮೇಲೆದ್ದರೆ ಡಿಫರೆನ್ಷಿಯಲ್ ಇನ್ನೊಂದನ್ನು ತಿರುಗಲು ಬಿಡುತ್ತದೆ, ಜೀಪು ಜ್ಯಾಕಿನಿಂದ ಉರುಳುತ್ತದೆ. ಗೊತ್ತಿಲ್ಲದವರು ಕೈಬ್ರೇಕು ನಂಬಿ ಕಾಲು ಕಳೆದುಕೊಂಡದ್ದನ್ನು ಕಂಡಿದ್ದೇನೆಂದು ಮಿಸ್ತ್ರಿ ಹೇಳಿದರು. ಎತ್ತಿದ ಮೇಲೆ ಅಚ್ಚಿನ ಕೊಳವೆಯ ಕೆಳಗೆ ಬೇವಿನ ದಿಮ್ಮಿ ಇಟ್ಟರು. ಜ್ಯಾಕು ಎತ್ತುವುದಕ್ಕೆ, ದಿಮ್ಮಿ ನಿಲ್ಲಿಸುವುದಕ್ಕೆ. ಬ್ರೇಕಿನ ಹೊಂದಾಣಿಕೆಯನ್ನು ಪೂರ್ತಿ ಸಡಿಲ ಮಾಡಿದರು. ಇಲ್ಲವಾದರೆ ಡ್ರಮ್ಮಿನೊಳಗೆ ಸವೆದು ಎದ್ದ ಅಂಚು ಶೂಗಳಿಗೆ ಸಿಕ್ಕಿಕೊಳ್ಳುತ್ತದೆ.

ಬಿಚ್ಚಿದ್ದ ಅಚ್ಚಿನ ನಟ್ಟನ್ನು ಅವರು ಮತ್ತೆ ಹಾಕಿ, ಕೆಲವೇ ಸುತ್ತು ತಿರುಗಿಸಿ ಬಿಟ್ಟರು. ಯಾಕೆಂದು ಕೇಳಿದೆ. “ಬಿಟ್ಟಾಗ ಗುಂಡು ಹೊಡದಂಗ ಬಿಡ್ತದ. ನಟ್ಟು ಇರಲಿಲ್ಲಂದ್ರ ಹಬ್ಬು, ಡ್ರಮ್ಮು, ಪುಲ್ಲರ್ ಎಲ್ಲಾ ಎದಿಗೆ ಬರ್ತಾವ” ಎಂದರು. ಬಂಡಿಯ ಕಡೆಗೀಲು ನೆನಪಾಯಿತು. ಹೊರಗೆ ಹಾರದಂತೆ ತಡೆಯುವ ಅದೇ ಹಳೆಯ ಕೆಲಸ ಈಗ ನಟ್ಟಿನದಾಗಿತ್ತು.

ಪುಲ್ಲರ್ ಕಟ್ಟಿ ಉದ್ದನೆಯ ಪಾನಾದಿಂದ ಬಿಗಿದರು. ಕಾಕಾ ಒಂದು ಸುತ್ತು, ನಾನು ಅರ್ಧ ಸುತ್ತು. ಆಮೇಲೆ ತಿರುಗಲಿಲ್ಲ. ಸೀಮೆಎಣ್ಣೆಗೆ ತೆಳು ಎಣ್ಣೆ ಬೆರೆಸಿ ಹಬ್ಬಿನ ಸಂದಿಗೆ ಹನಿಸಿ, ತಿರುಪುಗಂಬದ ತಲೆಗೆ ಸಣ್ಣ ಸುತ್ತಿಗೆಯಿಂದ ಒಂದೆರಡು ಸಲ ತಟ್ಟಿದರು. ಜೋರಿನ ಏಟಲ್ಲ. ಬಿಗಿದ ಲೋಹಕ್ಕೆ ಒಂದು ನಡುಕ ಕೊಟ್ಟಷ್ಟೇ. ಏನೂ ಆಗಲಿಲ್ಲ. ಬೆಂಕಿ ತೋರಿಸೋಣವೇ ಎಂದು ಕಾಕಾ ಕೇಳಿದರು. ಬ್ರೇಕಿನ ಎಣ್ಣೆ, ಗ್ರೀಸು ಎಲ್ಲ ಪಕ್ಕದಲ್ಲೇ ಇದ್ದದ್ದರಿಂದ ಅದು ಕೊನೆಯ ದಾರಿ ಎಂದರು ಮಿಸ್ತ್ರಿ. ಲೆಕ್ಕವೂ ಅವರ ಕಡೆಗೇ ಇತ್ತು. ನಾಲ್ಕಡಿಯ ಹಳಿ ಕಾದರೆ ಕಣ್ಣಿಗೆ ಕಾಣುವಷ್ಟು ಹಿಗ್ಗುತ್ತದೆ. ಹಬ್ಬಿನ 30 ಮಿಲಿಮೀಟರ್ ರಂಧ್ರ 100 ಡಿಗ್ರಿ ಕಾದರೂ ಹಿಗ್ಗುವುದು 0.036 ಮಿಲಿಮೀಟರ್, ಅರ್ಧ ಕೂದಲಿನ ದಪ್ಪ. ಅದೂ ಒಳಗಿನ ಅಚ್ಚು ಕಾಯುವ ಮುಂಚೆ ಎಳೆದರೆ ಮಾತ್ರ ಸಿಗುವ ಲಾಭ. ಹಗಲು ಮುಗಿದಾಗ ಪುಲ್ಲರನ್ನು ಬಿಗಿಯಲ್ಲೇ ಬಿಟ್ಟು, ಎದುರಿಗೆ ಯಾರೂ ಹೋಗದಂತೆ ಬಂಡಿಯ ಹಳೆಯ ನೊಗವೊಂದನ್ನು ಅಡ್ಡವಿಟ್ಟು ಎದ್ದರು. “ರಾತ್ರಿ ಅದರ ಕೆಲಸ ಅದು ಮಾಡ್ತದ” ಎಂದು ಹೇಳಿ ಚಹಾ ಕುಡಿದು ಹೊರಟರು.

ಮರುದಿನ ಬೆಳಗಿನ ಜಾವ ಮನೆಯವರೆಲ್ಲ ಮಲಗಿದ್ದಾಗ ಅಂಗಳದಲ್ಲಿ ಒಂದು ಸದ್ದು. ನಾಯಿಗಳೆಲ್ಲ ಬೊಗಳತೊಡಗಿದವು. ಹೋಗಿ ನೋಡಿದರೆ ಹಬ್ಬು ಒಂದು ಬೆರಳಿನಷ್ಟು ಮುಂದೆ ಬಂದು ನಟ್ಟಿಗೆ ಒರಗಿ ನಿಂತಿತ್ತು. ಸೀಲು ಬದಲಾಯಿತು, ಬ್ರೇಕ್ ಶೂ ಬದಲಾಯಿತು. ಬೆಣೆಯ ಅಂಚು ಸವೆದಿತ್ತು, ಅದನ್ನೂ ಬದಲಿಸಿದರು. ಮತ್ತೆ ಏರಿಸುವಾಗ ಮಿಸ್ತ್ರಿ ಇಳಿಜಾರನ್ನೂ ರಂಧ್ರವನ್ನೂ ಬಟ್ಟೆಯಿಂದ ಒರೆಸಿ ಒರೆಸಿ ಒಣಗಿಸಿದರು. ಮುಂದಿನ ಸಲ ಸುಲಭವಾಗಲೆಂದು ಅಲ್ಲಿ ಎಣ್ಣೆ ಹಚ್ಚಲು ಬಿಡಲಿಲ್ಲ. ಹಿಡಿತ ಒಣ ಲೋಹಕ್ಕೆ ಲೋಹ ಕೂತು ಆಗಬೇಕು. ಸಡಿಲವಾದರೆ ಭಾರವೆಲ್ಲ ಆ ಸಣ್ಣ ಬೆಣೆಯ ಮೇಲೆ ಬಿದ್ದು ಅದು ಕತ್ತರಿಸುತ್ತದೆ. ನಟ್ಟಿನ ಬಿಗಿ ಸುಮಾರು 200 ನ್ಯೂಟನ್ ಮೀಟರ್, ಅಂದರೆ ಒಂದು ಮೀಟರ್ ಉದ್ದದ ಪಾನಾದ ತುದಿಗೆ 20 ಕಿಲೋ ಚೀಲ ತೂಗುಹಾಕಿದಷ್ಟು. ಮಿಸ್ತ್ರಿ ಅಳತೆಯ ಉಪಕರಣ ತಂದಿರಲಿಲ್ಲ. ಉದ್ದನೆಯ ಪಾನಾದ ಮೇಲೆ ಕಾಕಾರನ್ನು ಮೈಭಾರ ಹಾಕಿ ಒತ್ತಲು ಹೇಳಿ, ಎಲ್ಲಿ ಸಾಕೆಂದು ತಾವೇ ಕೈ ಎತ್ತಿ ತೋರಿಸಿದರು. ಕೆಲವು ದಿನ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿಯಬೇಕೆಂದೂ ಹೇಳಿಹೋದರು.

ಈ ಎರಡು ದಿನಗಳು ನನ್ನ ಸಂಶೋಧನೆಯ ಯಾವ ಅಧ್ಯಾಯಕ್ಕೆ ಸೇರುತ್ತವೆ ಎಂದು ಮಾರ್ಗದರ್ಶಕರು ಕೇಳಿದರು. ನ್ಯಾಯವಾದ ಪ್ರಶ್ನೆ. ತಂತ್ರಜ್ಞಾನದ ಚರಿತ್ರೆಯನ್ನು ನಾವು ಬರುವ ದಿನಗಳ ಚರಿತ್ರೆಯಾಗಿ ಬರೆಯುತ್ತೇವೆ. ರೈಲು ಬಂತು, ಬಸ್ಸು ಬಂತು, ಕಾಲುವೆ ಬಂತು. ಬಂದದ್ದು ಆಮೇಲೆ ಎಷ್ಟು ವರ್ಷ, ಯಾರ ಕೈಯಲ್ಲಿ ಉಳಿಯಿತು ಎಂಬುದು ಅಡಿಟಿಪ್ಪಣಿಗೂ ಸಿಗುವುದಿಲ್ಲ. ಜೀಪು ಹಳ್ಳಿಗೆ ಬಂದದ್ದು ಒಂದು ದಿನದ ಸುದ್ದಿ. ಅದು ಹಳ್ಳಿಯಲ್ಲಿ ಐವತ್ತು ವರ್ಷ ಓಡಿದ್ದು ನೂರಾರು ಸಲ ಬಿಚ್ಚಿ ಕಟ್ಟಿದ್ದರಿಂದ. ಕಾರ್ಖಾನೆ ಅದನ್ನು ಒಮ್ಮೆ ತಯಾರಿಸಿತು, ಇಂಥ ಅಂಗಳಗಳು ಅದನ್ನು ಮತ್ತೆಮತ್ತೆ ತಯಾರಿಸಿದವು.

ಕಡೆಗೀಲಿನ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ. ಗಾಲಿಯನ್ನು ಎಲ್ಲರೂ ಬಿಚ್ಚಬಹುದಾಗಿದ್ದ ಊರಿನಲ್ಲಿ ಬಾವಿಯ ನೀರನ್ನು ಎಲ್ಲರೂ ಸೇದುವಂತಿರಲಿಲ್ಲ. ಬಡಿಗೇರನ ಮಗ ಬಡಿಗೇರನೇ, ಕಮ್ಮಾರನ ಮಗ ಕಮ್ಮಾರನೇ ಆಗಬೇಕಿತ್ತು. ಗ್ಯಾರೇಜು ಆ ಕಟ್ಟನ್ನು ತುಸು ಸಡಿಲಿಸಿತು. ಯಾವ ಮನೆಯ ಹುಡುಗನಾದರೂ ಶಾಗಿರ್ದನಾಗಬಹುದಿತ್ತು. ಆದರೆ ಆಯ ಹೋಯಿತು, ಅದರ ಜಾಗಕ್ಕೆ ಭದ್ರತೆ ಬರಲಿಲ್ಲ. ಮಿಸ್ತ್ರಿಗೆ ಈಗ ಶಾಗಿರ್ದರಿಲ್ಲ. ಅವರ ಮೊಮ್ಮಗ ಹೊಸ ಗಾಡಿಗಳಿಗೆ ಕಂಪ್ಯೂಟರ್ ಜೋಡಿಸಿ ದೋಷ ಹುಡುಕುವ ಕೆಲಸ ಕಲಿಯುತ್ತಿದ್ದಾನೆ. ಅದೂ ವಿದ್ಯೆಯೇ. ಆದರೆ ಎಲ್ಲಿ ನಿಲ್ಲಿಸಬೇಕು ಎಂದು ಕೈ ಎತ್ತಿ ತೋರಿಸುವ ತಿಳಿವಳಿಕೆ ಯಾವ ಕಂಪ್ಯೂಟರಿನಲ್ಲೂ ಇಳಿದಿಲ್ಲ, ಯಾವ ಪುಸ್ತಕದಲ್ಲೂ ಇಲ್ಲ. ಅವರೊಂದಿಗೆ ಕೂತು ಬರೆದುಕೊಂಡರೆ ಸ್ವಲ್ಪ ಉಳಿಯುತ್ತದೆ. ಪಾನಾ ಹಿಡಿದು ಪಕ್ಕದಲ್ಲಿ ನಿಂತರೆ ಇನ್ನೂ ಸ್ವಲ್ಪ ಹೆಚ್ಚು ಉಳಿಯುತ್ತದೆ.

ನನ್ನ ಪ್ರಬಂಧದಲ್ಲಿ ಈಗ ಪುಲ್ಲರಿಗೆ ಒಂದು ಅಧ್ಯಾಯವಿದೆ. ಅಳತೆ, ಚಿತ್ರ, ಮಾಡಿದ ಬಗೆ, ಬಳಸಿದ ಕ್ರಮ ಎಲ್ಲ ಬರೆದಿದ್ದೇನೆ. ಪುಲ್ಲರಿನ ಹೊಸ ಫೋಟೊ ಒಂದು ಬೇಕಾಗಿ ಹೋದ ವಾರ ಮನೆಗೆ ಫೋನ್ ಮಾಡಿದ್ದೆ. ಅದು ಮನೆಯಲ್ಲಿ ಇರಲಿಲ್ಲ. ದೇವದುರ್ಗದ ಕಡೆಯ ಯಾರೋ ತಮ್ಮ ಜೀಪಿನ ಹಬ್ಬು ಬರುತ್ತಿಲ್ಲವೆಂದು ಕೇಳಿ ಒಯ್ದಿದ್ದಾರೆ. “ಅದಕ್ಕೂ ಮುಂಚೆ ಸಿರವಾರದ ಕಡೆ ಹೋಗಿತ್ತು. ಬರ್ತದ ಬಿಡು, ಎಲ್ಲಿ ಹೋಗ್ತದ?” ಎಂದರು ಕಾಕಾ.